ತೊಟ್ಟಿಯಲ್ಲಿ ಉಳಿದರೆ ಸಾಕೆ?

ಇಂಡೊನೇಷ್ಯದ ಸುಲಾವೆಸಿಗೆ ಪೂರ್ವದಲ್ಲಿ ಬಂಗಾಯಿ ಎಂಬ ದ್ವೀಪಸಮೂಹವಿದೆ. ಅಲ್ಲಿನ ಹವಳದ ದಿಬ್ಬಗಳ ಮತ್ತು ಕಡಲಹುಲ್ಲಿನ ನಡುವೆ, ಒಂದೆರಡು ಆಳು ನೀರಿನಲ್ಲಿ, ಬೆರಳುದ್ದದ ಬೆಳ್ಳಿಬಣ್ಣದ ಮೀನೊಂದು ವಾಸಿಸುತ್ತದೆ. ಮೈಗೆ ಅಡ್ಡಲಾಗಿ ಮೂರು ಕಪ್ಪು ಪಟ್ಟೆಗಳು, ಬಿಳಿಯ ಚುಕ್ಕೆಗಳು. ಇದೇ ಬಂಗಾಯಿ ಕಾರ್ಡಿನಲ್ ಮೀನು. ಅಲಂಕಾರದ ಮೀನುಗಳ ಅಂಗಡಿಯಲ್ಲಿ ನಮ್ಮ ವಾಚಕರಲ್ಲಿ ಕೆಲವರು ಇದನ್ನು ಕಂಡಿರಲೂಬಹುದು. 1933ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು, ಆಮೇಲೆ ಮರೆತರು. 1990ರ ದಶಕದ ನಡುವೆ ಅದು ಮತ್ತೆ ಬೆಳಕಿಗೆ ಬಂದುದೇ ತಡ, ವ್ಯಾಪಾರಿಗಳು ಮುಗಿಬಿದ್ದರು. 2001ರ ಸುಮಾರಿಗೆ ವರ್ಷಕ್ಕೆ ಆರೇಳು ಲಕ್ಷ ಮೀನುಗಳು ಮಾರಾಟಕ್ಕಾಗಿ ಸೆರೆಯಾಗುತ್ತಿದ್ದುವೆಂದು ಅಂದಾಜು. 2007ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಈಗ ಈ ಮೀನನ್ನು ತೊಟ್ಟಿಗಳಲ್ಲಿಯೇ ಮರಿಮಾಡಿಸಬಹುದು. ಆದುದರಿಂದ ಚಿಂತೆಗೆ ಕಾರಣವಿಲ್ಲವೆಂದು ವಾದಿಸುವವರಿದ್ದಾರೆ. ನಾವು ಈ ವಾದವನ್ನು ಒಪ್ಪಲಾರೆವು.

ಗಂಡುಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಸುಮಾರು 20 ದಿನ ಕಾಯುತ್ತದೆ. ಹೊರಬಂದ ಮರಿಗಳನ್ನು ಮತ್ತೆ ಸುಮಾರು 10 ದಿನ. ಅಷ್ಟು ಕಾಲವೂ ಅದಕ್ಕೆ ಉಪವಾಸ! ಬಹುತೇಕ ಕಡಲಮೀನುಗಳ ಮರಿಗಳಂತೆ ಇವು ಪ್ರವಾಹದಲ್ಲಿ ತೇಲಿ ದೂರ ಹೋಗುವುದಿಲ್ಲ. ತಂದೆಯ ಬಾಯಿಂದ ಹೊರಬಿದ್ದೆಡೆಯಲ್ಲಿಯೇ ನೆಲೆಸುತ್ತವೆ. ಅದರಿಂದಾಗಿ ಒಂದು ದ್ವೀಪದ ಮೀನಿಗೂ ಇನ್ನೊಂದರ ಮೀನಿಗೂ ಆನುವಂಶಿಕ ಭೇದಗಳುಂಟು. ಒಂದು ಕೊಲ್ಲಿ ಬರಿದಾದರೆ ಪಕ್ಕದ ಕೊಲ್ಲಿಯಿಂದ ಬಂದು ತುಂಬುವ ಮೀನುಗಳಿಲ್ಲ. ಹೊರಬಿದ್ದ ಮರಿಗೆ ರಕ್ಷಣೆ ಯಾವುದು? ಸೀ ಅರ್ಚಿನ್ ಎಂಬ, ಸೂಜಿಯಂಥ ನೀಳ ಮುಳ್ಳುಗಳ ಚೆಂಡಿನಂತಿರುವ ಪ್ರಾಣಿ. ಅದರ ಮುಳ್ಳುಗಳ ನಡುವೆ, ಇಲ್ಲವೆ ಎನಿಮೋನ್ ಎಂಬ ಹೂವಿನಾಕಾರದ ಪ್ರಾಣಿಯ ವಿಷದ ಎಳೆಗಳ ನಡುವೆ, ಮರಿ ಅಡಗುತ್ತದೆ. ಆ ಆಸರೆ ತಪ್ಪಿದರೆ ಸ್ವಜಾತಿಯ ಹಿರಿಯ ಮೀನುಗಳೇ ಅದನ್ನು ನುಂಗಿಬಿಡುತ್ತವೆ. ತಿಂಗಳಿಡೀ ಹಸಿದು ಕಾಪಾಡಿದ ತಂದೆಯ ಶ್ರಮವೆಲ್ಲ ಕ್ಷಣದಲ್ಲಿ ವ್ಯರ್ಥ.

ದುರ್ದೈವದಿಂದ ಈಚೆಗೆ ಬಂಗಾಯಿಯ ಜನ ಸೀ ಅರ್ಚಿನ್‌ಗಳನ್ನೇ ಆಹಾರಕ್ಕಾಗಿಯೂ ಸಾಕುಮೀನುಗಳ ಮೇವಿಗಾಗಿಯೂ ಹಿಡಿಯತೊಡಗಿದ್ದಾರೆ. ದೂರದಲ್ಲಿ ಕುಳಿತು ಅವರನ್ನು ಜರೆಯುವುದು ಸುಲಭ. ಅದು ಅವರ ಹೊಟ್ಟೆಪಾಡು. 2018ರಲ್ಲಿ ಇಂಡೊನೇಷ್ಯ ಸರಕಾರವು ವರ್ಷದ ನಾಲ್ಕು ತಿಂಗಳು ಅಲ್ಲಿ ಈ ಮೀನನ್ನು ಹಿಡಿಯಬಾರದೆಂದು ಕಟ್ಟಳೆ ಮಾಡಿತು. ಸ್ತುತ್ಯ ಕ್ರಮವೇ ಸರಿ. ಆದರೆ ಮೀನನ್ನು ಬಿಟ್ಟು ಅದರ ಮನೆಯನ್ನು ಕಿತ್ತರೆ ಫಲವೇನು? ಸೀ ಅರ್ಚಿನ್‌ಗೂ ಎನಿಮೋನಿಗೂ ಅಷ್ಟೇ ರಕ್ಷಣೆ ದೊರೆಯಬೇಕು. ಅವನ್ನು ಹಿಡಿಯುವುದನ್ನು ಬಿಟ್ಟ ಬೆಸ್ತರಿಗೆ ಬೇರೆ ಸಂಪಾದನೆಯ ದಾರಿಯೂ ಆಗಬೇಕು. ಕೊಳ್ಳುವವರು ತೊಟ್ಟಿಯಲ್ಲಿ ಹುಟ್ಟಿದ ಮೀನನ್ನೇ ಕೊಳ್ಳಲಿ, ಕಡಲಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಅದೊಂದರಿಂದಲೇ ಬಂಗಾಯಿಯ ಬರಿದಾದ ಕೊಲ್ಲಿಗಳು ತುಂಬಲಾರವು.