ಹೆಬ್ಬೆರಳಿನ ಮಾತು

ಮಕ್ಕಳೇ, ಹೆಬ್ಬೆರಳು ಎತ್ತಿ ತೋರಿಸಿದರೆ ಏನರ್ಥ? ‘ಭಲೇ’ ಅಂತೀರಿ. ಸಮುದ್ರದೊಳಗೆ ಅದರ ಅರ್ಥ ‘ನಾನು ಮೇಲೆ ಹೋಗಬೇಕು’ ಎಂದು. ‘ಎಲ್ಲ ಸರಿ’ ಎನ್ನಲು ಹೆಬ್ಬೆರಳು, ತೋರುಬೆರಳು ಕೂಡಿಸಿ ಸೊನ್ನೆ ಮಾಡಬೇಕು.

ಇದನ್ನು ನನಗೆ ಕಲಿಸಿದವಳು ಮೊಮ್ಮಗಳು. ಶನಿವಾರ, ರವಿವಾರ ರಜೆ ಹಿಡಿದು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಮೊದಲ ಸಲ ಸ್ಕೂಬಾ ಡೈವಿಂಗ್ ಮಾಡಿ ಬಂದಳು. ಕೊಕಟನೂರಿನ ನಾವು ಬೆನ್ನಿಗೆ ಒಣ ಕುಂಬಳಕಾಯಿ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಅವಳ ಬೆನ್ನಿಗೆ ಗಾಳಿಯ ಸಿಲಿಂಡರ್!

ಬ್ಯಾಂಕಿನವನ ಲೆಕ್ಕ ಕೇಳಿರಿ. ದಡದಲ್ಲಿ ನಮ್ಮ ಮೇಲಿನ ಒತ್ತಡ 1 ಎಂದು ಹಿಡಿದರೆ, ನೀರಿನಲ್ಲಿ 10 ಮೀಟರ್ ಆಳಕ್ಕೆ 2, 20 ಮೀಟರಿಗೆ 3. ಅದಕ್ಕೇ ಕಿವಿ ನೋಯುವುದು. ಮೂಗು ಹಿಡಿದು ಮೆಲ್ಲಗೆ ಊದಿದರೆ ಒಳಗಿನ, ಹೊರಗಿನ ಒತ್ತಡ ಸಮನಾಗುತ್ತದೆ. ಉಸಿರು ಮಾತ್ರ ಬಿಗಿಹಿಡಿಯಬಾರದು. 10 ಮೀಟರ್ ಆಳದಲ್ಲಿ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ; ಶ್ವಾಸಕೋಶ ಹರಿದೀತು.

ಮೊಮ್ಮಗಳ ಕಿವಿನೋವು ಊದಿದರೂ ಹೋಗಲಿಲ್ಲ. ಗೆಳತಿಯರು ಇನ್ನೂ ಕೆಳಗೆ ಇಳಿಯುತ್ತಿದ್ದರು. ಅವಳು ಹೆಬ್ಬೆರಳು ಎತ್ತಿದಳು. ಕಲಿಸುವವರು ನಿಧಾನವಾಗಿ ಮೇಲೆ ಕರೆತಂದರು. ಆಮೇಲೆ ದೋಣಿಯಲ್ಲಿ ಗೆಳತಿಯರು ನಕ್ಕರಂತೆ. ‘ಅಜ್ಜಾ, ನಾನು ಅಂಜುಬುರುಕಿ ಏನು?’ ಎಂದು ಫೋನಿನಲ್ಲಿ ಕೇಳಿದಳು.

‘ಇನ್ನು ಆಗದು’ ಎಂದು ಹೊತ್ತಿಗೆ ಸರಿಯಾಗಿ ಹೇಳುವುದಕ್ಕೂ ಎದೆಗಾರಿಕೆ ಬೇಕವ್ವಾ, ಎಂದೆ.

ಅಜ್ಜ-ಅಜ್ಜಿಯರೇ, ಮೆಟ್ಟಿಲು ಹತ್ತುವಾಗ ಎದೆ ಹಿಡಿದರೂ ‘ಏನಿಲ್ಲ’ ಅನ್ನುವವರು ನಾವು. ಮಕ್ಕಳೇ, ಈ ವಾರ ಮನೆಯ ಹಿರಿಯರಿಗೆ ಎರಡೂ ಸನ್ನೆ ಕಲಿಸಿರಿ. ಅವರು ಹೆಬ್ಬೆರಳು ಎತ್ತಿದರೆ ನಗಬೇಡಿರಿ, ಕೈ ಹಿಡಿಯಿರಿ.