ಸೈಟು, ಇಎಂಐ ಮತ್ತು ರಾತ್ರಿಯ ನಿದ್ದೆ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ವಯಸ್ಸು ಮೂವತ್ತರ ಹತ್ತಿರ ಬಂದಂತೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ಒಂದು, ಮದುವೆ ಯಾವಾಗ? ಎರಡು, ಸೈಟು ತಗೊಂಡ್ಯಾ? ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಬಿಡಿ :-) ಎರಡನೆಯದರ ಬಗ್ಗೆ ಇವತ್ತು ಸ್ವಲ್ಪ ಕೊರೆಯೋಣ ಅಂತ.

ಎಲ್ಲಿ ತಗೊಂಡರೆ ರೇಟು ಡಬಲ್ ಆಗುತ್ತೆ ಅಂತ ಹೇಳೋಕೆ ಬ್ರೋಕರುಗಳಿದ್ದಾರೆ. ನನ್ನ ಪ್ರಶ್ನೆಯೇ ಬೇರೆ. ಎಷ್ಟರ ಮಟ್ಟಿಗೆ ಕೈ ಹಾಕಿದರೆ ನಮಗೆ ರಾತ್ರಿ ನಿದ್ದೆ ಬರುತ್ತೆ? ಈ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು, ಬ್ಯಾಂಕಿಗೆ ಬಿಡಬಾರದು ಅನ್ನೋದು ನನ್ನ ವಾದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು. ಈಗ ಬ್ಯಾಂಕಿನವರು ಹಾಸಿಗೆಯನ್ನೇ ಸಾಲ ಕೊಡ್ತಾರೆ, ಅದೇ ತೊಂದರೆ!

ಒಂದು ಲೆಕ್ಕ ನೋಡಿ. 70 ಲಕ್ಷದ ಫ್ಲಾಟು, 50 ಲಕ್ಷ ಸಾಲ, 20 ವರ್ಷ. ಬಡ್ಡಿ 6.5% ಇದ್ದರೆ ಇಎಂಐ ಸುಮಾರು 37,280 ರೂಪಾಯಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು 4%ನಿಂದ 6.5%ಗೆ ಏರಿಸಿತು. ಅಷ್ಟೂ ಏರಿಕೆ ನಮ್ಮ ಸಾಲಕ್ಕೆ ಬಂತು ಅಂದುಕೊಳ್ಳಿ, ಬಡ್ಡಿ 9% ಆಯಿತು. ಇಎಂಐ ಸುಮಾರು 44,990. ಇಎಂಐ ಏರಿಸಬೇಡಿ, ಅವಧಿ ಬೆಳೆಸಿ ಅಂತೀರಾ? 50 ಲಕ್ಷಕ್ಕೆ 9%ರಂತೆ ಒಂದು ತಿಂಗಳ ಬಡ್ಡಿಯೇ 37,500! ಅಂದರೆ ಹೊಸದಾಗಿ ಸಾಲ ತಗೊಂಡವರು ಹಳೇ ಇಎಂಐ ಕಟ್ಟುತ್ತಾ ಹೋದರೆ ಅಸಲು ಕರಗುವುದಿರಲಿ, ಬಡ್ಡಿಯೂ ಪೂರ್ತಿ ತೀರುವುದಿಲ್ಲ.

ಬಾಡಿಗೆ ಬರುತ್ತಲ್ಲ ಅಂತ ಕೇಳ್ತೀರಿ. ಆ ಫ್ಲಾಟಿಗೆ ತಿಂಗಳಿಗೆ 18,000 ಬಂತು ಅಂತಿಟ್ಟುಕೊಳ್ಳಿ. ಹಾಕಿದ ದುಡ್ಡಿಗೆ ವರ್ಷಕ್ಕೆ 3% ಚಿಲ್ಲರೆ. ಮೇಂಟೆನೆನ್ಸು, ಆಸ್ತಿ ತೆರಿಗೆ, ಖಾಲಿ ಬಿದ್ದ ತಿಂಗಳು ಎಲ್ಲಾ ಕಳೆಯಿರಿ. ಉಳಿದಿದ್ದು ನಮ್ಮ ಸಂಬಳದಿಂದಲೇ ಹೋಗಬೇಕು. ನಮ್ಮ ಸಂಬಳವೋ, ಮುಂದಿನ ಲೇಆಫ್ ಮೇಲ್ ಬರುವ ತನಕ!

ನಾವು ಬರೆದ ಪ್ರೋಗ್ರಾಮನ್ನು ಲೋಡ್ ಟೆಸ್ಟ್ ಮಾಡದೆ ಲೈವ್ ಬಿಡಲ್ಲ. ಇಪ್ಪತ್ತು ವರ್ಷದ ಸಾಲಕ್ಕೆ ಯಾಕೆ ಮಾಡಲ್ಲ? ನನ್ನ ಟೆಸ್ಟು ಸರಳ. ಬಡ್ಡಿ ಇನ್ನೂ ಎರಡೂವರೆ ಪರ್ಸೆಂಟ್ ಏರಿದೆ, ಬಾಡಿಗೆ ನಿಂತಿದೆ, ಆರು ತಿಂಗಳು ಕೆಲಸ ಇಲ್ಲ. ಆಗಲೂ ಯಾರ ಹತ್ತಿರವೂ ಕೈಚಾಚದೆ ಇಎಂಐ ಕಟ್ಟುವಷ್ಟು ದುಡ್ಡು ಬ್ಯಾಂಕಿನಲ್ಲಿದೆಯಾ? ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಇಲ್ಲದಿದ್ದರೆ ಚಿಕ್ಕದು ನೋಡಿ, ಇಲ್ಲಾ ಎರಡು ವರ್ಷ ಕಾಯಿರಿ.

ದುಡ್ಡಿನಷ್ಟೇ ಮುಖ್ಯ ಸ್ವಭಾವ. ಕೆಲವರಿಗೆ ಉಪನೋಂದಣಿ ಕಚೇರಿಗೆ ಅಲೆಯೋದು, ಇಸಿ ತೆಗೆಸೋದು, ಮೂಲಪತ್ರ ಹಿಡಿದು ವಕೀಲರ ಮುಂದೆ ಕೂರೋದು ಕಷ್ಟ ಅನ್ನಿಸಲ್ಲ. ಅಂಥವರಿಗೆ ಸೈಟು ಸರಿ. ಆಗಾಗ ಹೋಗಿ ಬೇಲಿ ನೋಡಿಕೊಂಡು ಬರ್ತಾರೆ. ವರ್ಷಗಟ್ಟಲೆ ಆ ಕಡೆ ತಲೆ ಹಾಕದವರಿಗೆ ಖಾಲಿ ಜಾಗ ಬರೀ ತಲೆನೋವು. ಕಡಿಮೆಗೆ ಸಿಗುತ್ತೆ ಅಂತ ಜಿಪಿಎ ಮೇಲೆ ಜಾಗ ತಗೊಳ್ಳೋದಂತೂ ಯಾರಿಗೂ ಬೇಡ. ಜಿಪಿಎ ಮೂಲಕ ಮಾಡಿದ ಮಾರಾಟದಿಂದ ಒಡೆತನ ಸಿಗಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಕಟ್ಟುತ್ತಿರುವ ಫ್ಲಾಟಾದರೆ ರೇರಾ ನೋಂದಣಿ ನೋಡಿ. 2016ರ ಆ ಕಾಯ್ದೆಯ ಪ್ರಕಾರ ಖರೀದಿದಾರರಿಂದ ಬಂದ ಹಣದಲ್ಲಿ 70% ಪ್ರತ್ಯೇಕ ಖಾತೆಯಲ್ಲಿರಬೇಕು. ಆದರೆ ರೇರಾ ನಂಬರು ಇದ್ದ ಮಾತ್ರಕ್ಕೆ ಮನೆ ಹೇಳಿದ ದಿನಕ್ಕೆ ಸಿಗುತ್ತೆ ಅಂತೇನಿಲ್ಲ.

ಈ ಯಾವ ರಗಳೆಯೂ ಬೇಡ ಅನ್ನುವವರಿಗೆ ರೀಟ್ ಇದೆ. ದೇಶದ ಮೊದಲ ರೀಟ್, ನಮ್ಮ ಬೆಂಗಳೂರಿನದೇ ಆದ ಎಂಬೆಸಿ, 2019ರಲ್ಲಿ ಷೇರು ಮಾರುಕಟ್ಟೆಗೆ ಬಂತು. 2021ರಿಂದ ಒಂದೇ ಒಂದು ಯೂನಿಟ್ಟನ್ನೂ ಕೊಳ್ಳಬಹುದು. ಬೆಲೆ ಇದಕ್ಕೂ ಇಳಿಯುತ್ತೆ. ಆದರೆ ಹತ್ತು ಸಾವಿರದಿಂದ ಶುರು ಮಾಡಿ ನಮ್ಮ ಎದೆ ಎಷ್ಟು ಗಟ್ಟಿ ಅಂತ ನೋಡಿಕೊಳ್ಳಬಹುದು.

ಕೊನೆಯದಾಗಿ ಒಂದು ಮಾತು. ಡೌನ್ ಪೇಮೆಂಟಿಗೆ ಅಪ್ಪನ ಪಿಎಫ್ ದುಡ್ಡೋ, ಊರಿನ ತೋಟ ಮಾರಿದ್ದೋ ಬರುವುದಾದರೆ ಆಗ ಗೆರೆ ಎಳೆಯಬೇಕಾದವರು ನಾವಲ್ಲ, ಅವರು. ನಮಗೆ ದುಡಿಯೋಕೆ ಇನ್ನೂ ಮೂವತ್ತು ವರ್ಷ ಇದೆ, ಅವರಿಗಿಲ್ಲ. ಮಗ ಕೇಳಿದ ಅಂದರೆ ಬೇಡ ಅನ್ನಲಿಕ್ಕೂ ಅವರಿಗೆ ಬಾಯಿ ಬರಲ್ಲ. ಅದಕ್ಕೇ ಕೇಳುವ ಮೊದಲು ನಾವೇ ಎರಡು ಸಲ ಯೋಚಿಸಬೇಕು.

ಇದು ನನ್ನ ಅನಿಸಿಕೆ. ಆಗಲೇ ಸೈಟು, ಫ್ಲಾಟು ಮಾಡಿಕೊಂಡವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ನಿಮ್ಮ ಗೆರೆ ಎಲ್ಲಿ? ಏನಂತೀರಿ?