ವರ್ಷ ತುಂಬಿತೆಂದು ಸೀಟು ತಿರುಗಿಸಬೇಡಿ

ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಸೋಮವಾರ ಒಂದು ಫೋಟೊ ಬಂತು. ತಂಗಿಯ ಮೊಮ್ಮಗನಿಗೆ ಹಿಂದಿನ ದಿನವಷ್ಟೇ ವರ್ಷ ತುಂಬಿ, ಆರತಿ, ಕೇಕು ಎಲ್ಲ ಮುಗಿದಿತ್ತು. ಫೋಟೊದಲ್ಲಿ ಅವನು ಕಾರಿನ ಹಿಂಬದಿಯಲ್ಲಿ, ತನ್ನ ಪುಟ್ಟ ಸೀಟಿನಲ್ಲಿ, ರಸ್ತೆಗೆ ಮುಖ ಮಾಡಿ ಕೂತಿದ್ದ. ಅಲ್ಲಿಯವರೆಗೆ ಹಿಮ್ಮುಖವಾಗಿದ್ದ ಸೀಟನ್ನು ಹುಟ್ಟುಹಬ್ಬದ ಲೆಕ್ಕದಲ್ಲಿ ತಿರುಗಿಸಿದ್ದರು. ‘ಇನ್ಮೇಲೆ ನಮ್ಮ ಪುಟ್ಟ ದೊಡ್ಡೋನು’ ಎಂದು ಕೆಳಗೊಂದು ಸಾಲು. ಎಲ್ಲರೂ ಮುಗಿಬಿದ್ದು ಮೆಚ್ಚಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಫೋನ್ ಮಾಡಿದೆ.

‘ಅಂಗಡಿಯವರೇ ಹೇಳಿದ್ದು ದೊಡ್ಡಮ್ಮಾ, ಒಂಬತ್ತು ಕೆಜಿ ದಾಟಿದ್ರೆ ತಿರುಗಿಸಬಹುದಂತೆ’ ಎಂದಳು ತಂಗಿಯ ಮಗಳು. ಪಕ್ಕದಿಂದ ಅವಳ ಅತ್ತೆಯ ದನಿ: ‘ಪಾಪ, ಕೂಸು ಕಾಲು ಮಡಚ್ಕೊಂಡು ಕೂತಿರೋದು ನೋಡಕ್ಕಾಗಲ್ಲ ಕಣ್ರೀ.’

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ತಿದ್ದುವುದು ಸುಲಭವಿತ್ತು. ಮಕ್ಕಳ ಕಾರ್ ಸೀಟಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಹಳೆಯ 44ನೇ ನಿಯಮಾವಳಿಯಲ್ಲಿ ಮುಮ್ಮುಖ ಸೀಟಿಗೆ 9 ಕೆಜಿಯ ಗೆರೆ ಇದ್ದದ್ದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿ ತೆಗೆದು ನೋಡಿ. ಸರಾಸರಿ ಗಂಡುಮಗು 9 ಕೆಜಿ ಮುಟ್ಟುವುದು ಒಂಬತ್ತು–ಹತ್ತು ತಿಂಗಳಿಗೆ. ಮೇಜಿನ ಅಂಚು ಹಿಡಿದು ಎದ್ದು ನಿಲ್ಲಲು ಕಲಿಯುತ್ತಿರುವ ಕೂಸು ಅದು. ಇದು ತೀರಾ ಬೇಗವಾಯಿತು ಎಂದೇ 2013ರಲ್ಲಿ ಬಂದ 129ನೇ ನಿಯಮಾವಳಿ 15 ತಿಂಗಳಿಗೆ ಮೊದಲು ಮಗುವನ್ನು ಮುಮ್ಮುಖವಾಗಿ ಕೂರಿಸುವಂತಿಲ್ಲ ಎಂದಿತು. ಹದಿನೈದು ತಿಂಗಳಾದ ಕೂಡಲೇ ತಿರುಗಿಸಿ ಎಂದು ಅದು ಹೇಳಲಿಲ್ಲ. ಅದಕ್ಕೂ ಮೊದಲು ಬೇಡವೇ ಬೇಡ ಎಂದಿತು, ಅಷ್ಟೇ. ಈ ಎರಡು ಮಾತಿನ ನಡುವಿನ ಅಂತರ ಸೀಟು ಮಾರುವವರಿಗೇ ಗೊತ್ತಿಲ್ಲದಿದ್ದರೆ, ಕೊಳ್ಳುವ ತಾಯಿಗೆ ಯಾರು ಹೇಳಬೇಕು?

ವಿಷಯ ಇರುವುದು ಕುತ್ತಿಗೆಯಲ್ಲಿ. ಹುಟ್ಟಿದ ಮಗುವಿನ ಒಟ್ಟು ಉದ್ದದಲ್ಲಿ ತಲೆಯೇ ಕಾಲುಭಾಗ. ಆ ಭಾರ ಹೊರುವ ಕತ್ತಿನ ಮೂಳೆಗಳು ಇನ್ನೂ ಮೂಳೆಗಳಾಗಿಯೇ ಇರುವುದಿಲ್ಲ. ಒಂದೊಂದು ಕಶೇರುವೂ ಬಿಡಿಬಿಡಿ ತುಂಡುಗಳಾಗಿದ್ದು, ನಡುವೆ ಮೃದ್ವಸ್ಥಿ ಇರುತ್ತದೆ. ಅವು ಬೆಸೆದುಕೊಂಡು ಗಟ್ಟಿಯಾಗಲು ಮೂರರಿಂದ ಆರು ವರ್ಷ ಬೇಕು. ಕಾರು ಎದುರಿನ ಯಾವುದಕ್ಕಾದರೂ ಬಡಿದಾಗ ಮುಮ್ಮುಖವಾಗಿ ಕೂತ ಮಗುವಿನ ಭುಜವನ್ನು ಬೆಲ್ಟು ಹಿಡಿದಿಡುತ್ತದೆ; ತಲೆಯನ್ನು ಹಿಡಿಯುವವರಿಲ್ಲ. ಅದು ಮುಂದಕ್ಕೆ ಎಸೆದ ಹಾಗೆ ಹೋಗುತ್ತದೆ, ಅದರ ಸೆಳೆತವನ್ನೆಲ್ಲ ಆ ಎಳೆ ಕುತ್ತಿಗೆಯೇ ತಡೆದುಕೊಳ್ಳಬೇಕು. ಕಶೇರುಗಳ ಸಾಲು ಎಳೆದಷ್ಟು ಹಿಗ್ಗಬಲ್ಲದು, ಒಳಗಿರುವ ಬೆನ್ನುಹುರಿ ಅಷ್ಟು ಹಿಗ್ಗುವುದಿಲ್ಲ. ಹಿಮ್ಮುಖವಾಗಿ ಕೂತ ಮಗುವಾದರೆ ಸೀಟಿನ ಬೆನ್ನಿಗೆ ಒತ್ತಿಕೊಳ್ಳುತ್ತದೆ. ತಲೆ, ಕುತ್ತಿಗೆ, ಬೆನ್ನು ಒಟ್ಟಿಗೇ ಚಲಿಸಿ, ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

ವೇಗದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ, ಹೈಸ್ಕೂಲಿನ ಭೌತವಿಜ್ಞಾನ ಸಾಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ತಾರಸಿಯಿಂದ ಬಿದ್ದ ಹಾಗೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾನೂನು ಒಪ್ಪುವ 100 ಕಿ.ಮೀ. ವೇಗವಾದರೆ ಅದೇ ಎತ್ತರ 39 ಮೀಟರ್. ರಾತ್ರಿ ಹೊತ್ತು ದೀಪವಿಲ್ಲದೆ ನಿಲ್ಲಿಸಿದ ಲಾರಿ, ವಿರುದ್ಧ ದಿಕ್ಕಿನಿಂದ ನುಗ್ಗುವ ಟ್ರ್ಯಾಕ್ಟರು, ಬಣ್ಣ ಬಳಿಯದ ಹಂಪು, ಅಡ್ಡ ಬರುವ ದನ: ನಮ್ಮ ರಸ್ತೆಗಳಲ್ಲಿ ಕಾರಿಗೆ ಕಾದಿರುವ ಅಪಾಯಗಳಲ್ಲಿ ಬಹಳಷ್ಟು ಎದುರಿನಿಂದಲೇ ಬರುವಂಥವು.

ಇದು ನಿನ್ನೆ ಮೊನ್ನೆಯ ತಿಳಿವಳಿಕೆಯಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯ ಅಮೆರಿಕದ ಜೆಮಿನಿ ಗಗನಯಾತ್ರಿಗಳನ್ನು ಬೆನ್ನಿನ ಮೇಲೆ ಒರಗಿಸಿ ಕೂರಿಸಿದ್ದನ್ನು ಗಮನಿಸಿದರು. ರಾಕೆಟ್ ಚಿಮ್ಮುವ ಬಲವನ್ನೆಲ್ಲ ಬೆನ್ನು ತಡೆದುಕೊಳ್ಳಬಲ್ಲದಾದರೆ ಮಕ್ಕಳಿಗೂ ಅದೇ ಸರಿ ಎಂದುಕೊಂಡು ಹಿಮ್ಮುಖ ಸೀಟಿನ ಮಾದರಿ ಮಾಡಿದರು. 1972ರ ಹೊತ್ತಿಗೆ ವೋಲ್ವೊ ಅಂಥ ಸೀಟನ್ನು ಮಾರುಕಟ್ಟೆಗೆ ತಂದಿತು. ಸ್ವೀಡನ್ನಿನಲ್ಲಿ ಮಕ್ಕಳು ನಾಲ್ಕು ವರ್ಷದವರೆಗೂ ಹಿಮ್ಮುಖವಾಗಿ ಪ್ರಯಾಣಿಸುವುದು ಅಂದಿನಿಂದ ಬಂದ ರೂಢಿ. ಅಲ್ಲಿಯ ತಾಯಂದಿರಿಗೆ ಅದರಲ್ಲಿ ಏನೂ ವಿಶೇಷ ಕಾಣುವುದಿಲ್ಲ.

ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ತಂಗಿಯ ಅಳಿಯ ಬಾಯಿ ಹಾಕಿದ. ಓದಿಕೊಂಡವನು. ‘ದೊಡ್ಡಮ್ಮಾ, ಹಿಮ್ಮುಖ ಐದು ಪಟ್ಟು ಸುರಕ್ಷಿತ ಅಂತ ಬರೆದಿದ್ರಲ್ಲ, ಆ ಅಧ್ಯಯನವನ್ನೇ ವಾಪಸ್ ತಗೊಂಡಿದ್ದಾರೆ, ಗೊತ್ತಾ?’ ಗೊತ್ತು. ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರ ಕೊಡಲೇಬೇಕು. 2007ರಲ್ಲಿ ‘ಇಂಜುರಿ ಪ್ರಿವೆನ್ಷನ್’ ಪತ್ರಿಕೆಯಲ್ಲಿ ಬಂದ ಆ ಲೇಖನದ ಅಂಕಿಅಂಶದ ಲೆಕ್ಕಾಚಾರದಲ್ಲಿ ದೋಷ ಕಂಡುಬಂದು, ಮುಂದೆ ಅದನ್ನು ಹಿಂದಕ್ಕೆ ಪಡೆದರು. ಐದು ಪಟ್ಟು ಎಂದು ಈಗಲೂ ಬರೆಯುವವರು ಬರೆಯುವುದನ್ನು ನಿಲ್ಲಿಸಬೇಕು. ಆದರೆ ಮರುಲೆಕ್ಕದಲ್ಲಿ ಹೊರಬಿದ್ದದ್ದೇನು? ಅಮೆರಿಕದಲ್ಲಿ ಸೀಟಿನಲ್ಲಿ ಸರಿಯಾಗಿ ಬಿಗಿದು ಕೂರಿಸಿದ ಎರಡು ವರ್ಷದೊಳಗಿನ ಮಕ್ಕಳಿಗೆ ಗಾಯವಾಗುವುದೇ ಅಪರೂಪ, ಹಾಗಾಗಿ ಎರಡು ಗುಂಪಿನ ನಡುವಿನ ವ್ಯತ್ಯಾಸವನ್ನು ಅಷ್ಟು ಕಡಿಮೆ ಪ್ರಕರಣಗಳಿಂದ ಖಚಿತವಾಗಿ ಹೇಳಲಾಗದು ಎಂಬುದು. ಮುಮ್ಮುಖವೇ ಮೇಲು ಎಂದು ಯಾರೂ ಹೇಳಲಿಲ್ಲ. ಕುತ್ತಿಗೆಯ ಮೇಲೆ ಬೀಳುವ ಸೆಳೆತದ ಪ್ರಯೋಗಾಲಯದ ಅಳತೆಗಳೂ ಸ್ವೀಡನ್ನಿನ ದಶಕಗಳ ಅನುಭವವೂ ಹಾಗೆಯೇ ಉಳಿದಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಎರಡು ವರ್ಷ ಎಂದಿದ್ದನ್ನು 2018ರಲ್ಲಿ ಕೈಬಿಟ್ಟದ್ದು ಈ ಗಲಾಟೆಯ ಬೆನ್ನಲ್ಲೇ. ಅವರು ವಯಸ್ಸನ್ನು ಕೆಳಗೆ ಇಳಿಸಲಿಲ್ಲ. ಆ ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಸಾಧ್ಯವಾದಷ್ಟು ಕಾಲ ಹಿಮ್ಮುಖವಾಗಿಯೇ ಇರಲಿ ಎಂದರು.

ಅಳಿಯ ಸುಮ್ಮನಾದ. ಒಪ್ಪಿದನೋ, ಫೋನ್ ಪಕ್ಕಕ್ಕಿಟ್ಟನೋ ತಿಳಿಯಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಳೆಯ ತಕರಾರು ಗೊತ್ತು. ಮಕ್ಕಳಿಗೆ ವಯಸ್ಸಿಗೆ ಮುಂಚೆ ಬಡ್ತಿ ಕೊಡುವ ನಮ್ಮ ಆತುರದ ಬಗ್ಗೆ ಎಷ್ಟು ಬರೆದರೂ ನನಗೆ ಸಾಕಾಗುವುದಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮಕ್ಕೆ ರಾಜ್ಯದಲ್ಲಿ ಎಷ್ಟು ರಂಪವಾಯಿತು ನೆನಪಿರಬಹುದು. ಒಂದು ವರ್ಷ ‘ಹಾಳಾಗುತ್ತದೆ’ ಎಂದು ಪೋಷಕರು ಪಟ್ಟು ಹಿಡಿದರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಸರ್ಕಾರವೇ ಮಣಿದು ಆ ಸಾಲಿಗೆ ಐದು ವರ್ಷ ಐದು ತಿಂಗಳೆಂದು ಸಡಿಲಿಸಿತು. ಮಗುವಿನ ಮೂಳೆ, ಮಿದುಳು, ಬೆರಳುಗಳಿಗೆ ತಮ್ಮದೇ ಕಾಲವಿದೆ ಎಂದರೆ ನಮ್ಮ ಮನೆಗಳಲ್ಲಿ ಯಾರಿಗೂ ರುಚಿಸುವುದಿಲ್ಲ. ಪಕ್ಕದ ಮನೆಯದು ಬರೆಯುತ್ತದೆ, ನಮ್ಮದೂ ಬರೆಯಬೇಕು. ಅದು ಮುಂದೆ ನೋಡಿಕೊಂಡು ಕೂತಿದೆ, ನಮ್ಮದು ಮಾತ್ರ ಎಷ್ಟು ದಿನ ಹಿಂದೆ ನೋಡಬೇಕು? ಶಾಲೆಯ ಆತುರಕ್ಕೆ ಮಗು ಸುಸ್ತಾಗುತ್ತದೆ. ಕಾರಿನ ಆತುರಕ್ಕೆ ಪ್ರಾಣವೇ ಹೋಗಬಹುದು.

ಕಾಲು ಮಡಚಿಕೊಳ್ಳುವ ವಿಚಾರ. ಬೀಗಿತ್ತಿಯ ಕಾಳಜಿ ದೊಡ್ಡದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎರಡು ವರ್ಷದ ಮಕ್ಕಳು ನೆಲದ ಮೇಲೆ ಹೇಗೆ ಕೂರುತ್ತವೆ ನೋಡಿ. ಚಕ್ಕಂಬಕ್ಕಳ, ಕುಕ್ಕರುಗಾಲು, ಒಂದು ಕಾಲು ಅತ್ತ, ಒಂದು ಕಾಲು ಇತ್ತ. ನಮ್ಮ ಹಾಗೆ ಅವಕ್ಕೆ ಮಂಡಿ ನೋವಿಲ್ಲ. ಕಾರಿನ ಸೀಟಿನ ಬೆನ್ನಿಗೆ ಪಾದ ತಾಗುವುದು ಮಗುವಿನ ಸೀಟು ಚಿಕ್ಕದಾಯಿತೆಂಬ ಗುರುತಲ್ಲ. ನೋಡಬೇಕಾದ್ದು ತಲೆಯನ್ನು: ನೆತ್ತಿಯ ಮೇಲೆ ಸೀಟಿನ ಅಂಚಿಗೆ ಒಂದು ಇಂಚಾದರೂ ಉಳಿದಿರಬೇಕು. ಇನ್ನು ಅಳು, ವಾಂತಿ. ಕೆಲವು ಮಕ್ಕಳಿಗೆ ಹಿಮ್ಮುಖ ಪ್ರಯಾಣ ನಿಜವಾಗಿಯೂ ಹಿಂಸೆ, ಒಪ್ಪುತ್ತೇನೆ. ಅದಕ್ಕೆ ಬಿಡದಿಯಲ್ಲೊಮ್ಮೆ, ಮದ್ದೂರಿನಲ್ಲೊಮ್ಮೆ ನಿಲ್ಲಿಸಿ ಇಳಿಸಿ ಆಡಿಸಬೇಕು, ಹೊರಡುವ ಮುನ್ನ ಹೊಟ್ಟೆ ಬಿರಿಯುವಷ್ಟು ಹಾಲು ಕುಡಿಸಬಾರದು. ಮೈಸೂರಿಗೆ ಅರ್ಧ ಗಂಟೆ ತಡವಾದರೆ ಆಗಲಿ.

ಕ್ಯಾಲಿಫೋರ್ನಿಯಾದ ನಮ್ಮವರ ಮೇಲೂ ನನಗೆ ಕೋಪವಿದೆ. ಅಲ್ಲಿ 2017ರಿಂದ ಎರಡು ವರ್ಷದೊಳಗಿನ ಮಗು ಹಿಮ್ಮುಖವಾಗಿಯೇ ಕೂರಬೇಕೆಂಬ ಕಾನೂನಿದೆ. 40 ಪೌಂಡ್ ತೂಕ ಅಥವಾ 40 ಇಂಚು ಎತ್ತರ ತಲುಪಿದ ಮಗುವಿಗೆ ಮಾತ್ರ ವಿನಾಯಿತಿ. ಫ್ರೀಮಾಂಟ್‌ನಲ್ಲಿ ಅಚ್ಚುಕಟ್ಟಾಗಿ ಬೆಲ್ಟು ಬಿಗಿದು ಕೂರಿಸುವ ಅದೇ ಅಪ್ಪ ಅಮ್ಮ, ದೇವನಹಳ್ಳಿಯಲ್ಲಿ ವಿಮಾನ ಇಳಿದು ಟ್ಯಾಕ್ಸಿ ಹತ್ತಿದ ಕ್ಷಣ ಮಗುವನ್ನು ಅಜ್ಜಿಯ ತೊಡೆಗೆ ದಾಟಿಸುತ್ತಾರೆ. ಮಗುವಿನ ಕುತ್ತಿಗೆ ವೀಸಾ ನೋಡಿ ಗಟ್ಟಿಯಾಗುತ್ತದೆಯೇ?

ಇಲ್ಲಿ ಬಹುಪಾಲು ಮಕ್ಕಳಿಗೆ ಸೀಟೇ ಇಲ್ಲ ಎಂಬುದು ನನಗೂ ಗೊತ್ತು. ಸನ್‌ರೂಫಿನಿಂದ ತಲೆ ಹೊರಹಾಕಿ ನಿಂತ ಹುಡುಗನ ತಲೆ ಅಡ್ಡಪಟ್ಟಿಗೆ ಬಡಿದ ಬೆಂಗಳೂರಿನ ವಿಡಿಯೊವನ್ನು 2025ರ ಸೆಪ್ಟೆಂಬರಿನಲ್ಲಿ ಎಲ್ಲರೂ ನೋಡಿದ್ದೇವೆ. ಅದಾದ ಮೇಲೂ ಸನ್‌ರೂಫಿನಲ್ಲಿ ನಿಂತ ಮಕ್ಕಳು ವಾರಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತಾರೆ. ಆದರೆ ಹಣ ಕೊಟ್ಟು ಸೀಟು ತಂದು, ಮನೆಯವರ ಮಾತು ಕೇಳಿಸಿಕೊಂಡೂ ಮಗುವನ್ನು ಅದರಲ್ಲಿ ಕೂರಿಸಿದವರು ಅರ್ಧಕ್ಕಿಂತ ಹೆಚ್ಚು ದಾರಿ ಬಂದಿದ್ದಾರೆ. ಅವರು ಒಂದು ಹುಟ್ಟುಹಬ್ಬಕ್ಕಾಗಿ ಆ ಶ್ರಮವನ್ನೆಲ್ಲ ನೀರಿಗೆ ಹಾಕುವುದನ್ನು ನೋಡಲಾಗುವುದಿಲ್ಲ.

ಕಾರು ಕಂಪನಿಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಭಾರತದ ಕಾರುಗಳ ಅಪಘಾತ ಪರೀಕ್ಷೆಯಲ್ಲಿ ಒಂದೂವರೆ ವರ್ಷದ ಮಗುವಿನ ಗೊಂಬೆಯೊಂದನ್ನು, ಮೂರು ವರ್ಷದ್ದು ಇನ್ನೊಂದನ್ನು ಕೂರಿಸುತ್ತಾರೆ. ಈಚಿನ ವರ್ಷಗಳ ಹಲವು ವರದಿಗಳಲ್ಲಿ ಮೂರು ವರ್ಷದ ಗೊಂಬೆಯೂ ಹಿಮ್ಮುಖವಾಗಿಯೇ ಕೂತಿತ್ತು. ಹಾಗೆ ಕೂರಿಸಿ ಗಳಿಸಿದ ಸ್ಟಾರುಗಳನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿಕೊಳ್ಳುವ ಕಂಪನಿಗಳು, ಗೊಂಬೆ ಯಾವ ಕಡೆ ಮುಖ ಮಾಡಿತ್ತು ಎಂಬುದನ್ನೂ ಅಷ್ಟೇ ದೊಡ್ಡದಾಗಿ ಹಾಕಲಿ.

ಸರ್ಕಾರದ್ದು ಇನ್ನೊಂದು ಕಥೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡ. ಹಸುಗೂಸಿಗೂ ಹದಿಮೂರರ ಹುಡುಗನಿಗೂ ಅದೇ ಸಾಲು. ದಿಕ್ಕಿನ ಮಾತೇ ಅಲ್ಲಿಲ್ಲ. ಬೈಕಿನ ಹಿಂದೆ ಕೂರುವ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಕಟ್ಟುಪಟ್ಟಿ, 40 ಕಿ.ಮೀ. ವೇಗದ ಮಿತಿ ಎಂದು 2022ರಲ್ಲಿ ನಿಯಮ ಬರೆದವರೂ ಇದೇ ಕೇಂದ್ರ ಸಾರಿಗೆ ಸಚಿವಾಲಯದವರು. ಬೈಕಿನ ಮೇಲೆ ನಾಲ್ಕು ವರ್ಷದೊಳಗಿನ ದೇಹ ಬೇರೆ ಎಂದು ಗೊತ್ತಾದವರಿಗೆ ಕಾರಿನೊಳಗೆ ಮರೆತುಹೋದದ್ದು ಹೇಗೆ? ಒಂದು ಸಾಲು ಸೇರಿಸಿದರೆ ಸಾಕು: ಎರಡು ವರ್ಷದವರೆಗೆ ಹಿಮ್ಮುಖ ಕಡ್ಡಾಯ.

ಕಾನೂನು ಬರುವವರೆಗೆ ಕಾಯಬೇಡಿ. ನಿಮ್ಮ ಸೀಟಿನ ಪಕ್ಕದ ಚೀಟಿಯಲ್ಲಿ ಹಿಮ್ಮುಖದ ಮಿತಿ 13 ಕೆಜಿ ಎಂದಿದ್ದರೆ ಎರಡು ವರ್ಷ ದಾಟುವವರೆಗೂ, 18 ಎಂದಿದ್ದರೆ ನಾಲ್ಕರವರೆಗೂ ಹೆಚ್ಚಿನ ಮಕ್ಕಳಿಗೆ ಅದು ಸಾಕು. ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಚಾಲೂ ಇರುವಾಗ, ಹಿಮ್ಮುಖ ಸೀಟು ಯಾವತ್ತೂ ಬೇಡ. ಬಿಚ್ಚಿಕೊಳ್ಳುವ ಏರ್‌ಬ್ಯಾಗೇ ಮಗುವನ್ನು ಕೊಲ್ಲಬಲ್ಲದು. ಮತ್ತೆ, ಮಗುವಿನ ಮುಖ ಕಾಣುವುದಿಲ್ಲ ಎಂದು ಚಡಪಡಿಸುವ ಅಪ್ಪಂದಿರೇ, ಸ್ಟೀರಿಂಗ್ ಹಿಡಿದಾಗ ನೀವು ನೋಡಬೇಕಾದ್ದು ಮುಂದಿನ ಲಾರಿಯನ್ನು.